ದೋಣಿಯ ಸಮತೋಲ

ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿ ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು, ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಸೂಪಾ ಅಣೆಕಟ್ಟಿನ ಕೆಳಗೆ, ಗಣೇಶಗುಡಿಯ ಪರಿಸರದಲ್ಲಿ, ಅದು ಬಂಡೆಗಳ ನಡುವೆ ನುಗ್ಗಿ ನೊರೆಯುಕ್ಕಿಸುತ್ತದೆ. ಅದೇ ನದಿ ಸದಾಶಿವಗಡದ ಬುಡದಲ್ಲಿ ವಿಶಾಲವಾಗಿ, ಕಡಲಿನ ಉಬ್ಬರವಿಳಿತಗಳಿಗೆ ಒಳಪಟ್ಟು ಶಾಂತವಾಗಿ ಸಾಗುತ್ತದೆ. ಈ ಎರಡು ಬಗೆಯ ನೀರಿಗೆ ಒಂದೇ ಬಗೆಯ ದೋಣಿ ಸಲ್ಲದು. ಇದಕ್ಕೆ ಕಾರಣವೇನು?

ತೇಲುವ ದೋಣಿಯ ಮೇಲೆ ಎರಡು ಬಲಗಳು ವರ್ತಿಸುತ್ತವೆ. ದೋಣಿಯ ಮತ್ತು ಅದರಲ್ಲಿರುವವರ ಒಟ್ಟು ಭಾರ ಗುರುತ್ವಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ನೀರು ಮೇಲಕ್ಕೆ ಒತ್ತುತ್ತದೆ. ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದ ಹೆಚ್ಚು ಭಾಗ ಮುಳುಗುವುದರಿಂದ, ನೀರಿನ ಒತ್ತುವಿಕೆಯೂ ಆ ಕಡೆಗೆ ಸರಿಯುತ್ತದೆ. ಗುರುತ್ವಕೇಂದ್ರ ಸಾಕಷ್ಟು ಕೆಳಗಿದ್ದರೆ ಈ ಎರಡು ಬಲಗಳೂ ಕೂಡಿ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತವೆ. ಬಹಳ ಮೇಲಿದ್ದರೆ ಅವೇ ಅದನ್ನು ಮಗುಚಿಹಾಕುತ್ತವೆ. ದೋಣಿಯಲ್ಲಿ ಥಟ್ಟನೆ ಎದ್ದು ನಿಲ್ಲಬಾರದೆಂದು ಅಂಬಿಗರು ಎಚ್ಚರಿಸುವುದು ಈ ಕಾರಣದಿಂದಲೇ.

ಕಾರವಾರ, ಅಂಕೋಲೆಗಳ ಕರಾವಳಿಯ ಮೀನುಗಾರರು ಹಿಂದಿನಿಂದ ಬಳಸುತ್ತ ಬಂದ ಪಾತಿ ದೋಣಿಯಲ್ಲಿ ಈ ಸಮಸ್ಯೆಗೆ ಒಂದು ಸೊಗಸಾದ ಪರಿಹಾರವಿದೆ. ಮರದ ದಿಮ್ಮಿಯನ್ನು ಕೊರೆದು ಮಾಡಿದ ಈ ದೋಣಿಯ ಒಡಲು ಇಕ್ಕಟ್ಟಾದುದು. ಅದೊಂದೇ ಇದ್ದರೆ ಸುಲಭವಾಗಿ ಉರುಳೀತು. ಆದುದರಿಂದ ಅಡ್ಡಗಳುಗಳ ತುದಿಗೆ, ದೋಣಿಗೆ ಸಮಾನಾಂತರವಾಗಿ, ಹಗುರವಾದ ಮರದ ತುಂಡೊಂದನ್ನು ಬಿಗಿದಿರುತ್ತಾರೆ. ದೋಣಿ ಆ ಕಡೆಗೆ ವಾಲಿದರೆ ನೀರು ಮರದ ತುಂಡನ್ನು ಮೇಲಕ್ಕೆ ಒತ್ತಿ ತಡೆಯುತ್ತದೆ; ಎದುರು ಕಡೆಗೆ ವಾಲಿದರೆ ತುಂಡಿನ ಭಾರವೇ ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆ. ಪೆಸಿಫಿಕ್ ಸಾಗರದ ದ್ವೀಪವಾಸಿಗಳ ದೋಣಿಗಳಲ್ಲಿಯೂ ಇಂಥದೇ ಏರ್ಪಾಡು ಉಂಟು.

ಆದರೆ ಬಂಡೆಗಳಿಂದ ತುಂಬಿದ ನದಿಯಲ್ಲಿ ಈ ಉಪಾಯ ನಡೆಯದು. ಪಕ್ಕಕ್ಕೆ ಚಾಚಿದ ಮರ ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ದೋಣಿಯೇ ಬಲಿಯಾಗುತ್ತದೆ. ಅಲ್ಲದೆ ಅಲ್ಲಿ ತಿರುವು ತೆಗೆದುಕೊಳ್ಳಲು ದೋಣಿಯನ್ನು ಬೇಕೆಂದೇ ವಾಲಿಸಬೇಕಾಗುತ್ತದೆ. ಇಂಥ ನೀರಿಗೆಂದು ರೂಪಿಸಿದ ಹಗುರ ದೋಣಿಯೇ ಕನೂ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ರಭಸದ ನೀರಿನ ಕನೂ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಪಾತಿ ದೋಣಿಯಲ್ಲಿ ಪಕ್ಕದ ಮರ ಮಾಡುವ ಕೆಲಸವನ್ನು ಇಲ್ಲಿ ನಾವಿಕನ ದೇಹವೇ ಮಾಡಬೇಕು. ಅದಕ್ಕೆ ನೆರವಾಗುವುದು ಜೀನು.

ಕುದುರೆಯ ಜೀನಿನಂತೆ ಎರಡು ಕಾಲುಗಳ ನಡುವೆ ಬರುವ ಈ ಆಸನವನ್ನು, ನೀರನ್ನು ಹೀರದ ಗಟ್ಟಿ ಫೋಮಿನಿಂದ ಮಾಡುತ್ತಾರೆ. ನಾವಿಕನು ದೋಣಿಯ ತಳದಲ್ಲಿ ಮೊಣಕಾಲೂರಿ, ಜೀನಿನ ಮೇಲೆ ಕೂರುತ್ತಾನೆ. ಎರಡು ಮೊಣಕಾಲು, ಒಂದು ಆಸನ, ಹೀಗೆ ಮೂರು ಕಡೆ ನೆಲೆ ದೊರೆಯುವುದರಿಂದ ಸೊಂಟವನ್ನು ತಿರುಗಿಸಿದಂತೆ ದೋಣಿಯೂ ತಿರುಗುತ್ತದೆ.

ಒಬ್ಬನಿಗೆ ಹೊಂದಿದ ಜೀನು ಇನ್ನೊಬ್ಬನಿಗೆ ಹೊಂದಲಾರದು. ಅದು ಎತ್ತರವಾದರೆ ಗುರುತ್ವಕೇಂದ್ರ ಮೇಲೇರಿ ಸಮತೋಲ ಕೆಡುತ್ತದೆ. ತೀರ ತಗ್ಗಾದರೆ ಮೊಣಕಾಲುಗಳು ನೋಯುತ್ತವೆ, ಆಸನದ ಅಡಿಯಲ್ಲಿ ಪಾದ ಸಿಕ್ಕಿಕೊಳ್ಳುವ ಭಯವೂ ಉಂಟು. ಆದುದರಿಂದ ಮೊದಲು ಎತ್ತರವಾಗಿಯೇ ಇಟ್ಟುಕೊಂಡು, ಚಾಕುವಿನಿಂದಲೂ ಅರದಿಂದಲೂ ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ, ನಡುನಡುವೆ ಕುಳಿತು ಪರೀಕ್ಷಿಸುತ್ತಾರೆ. ಕತ್ತರಿಸಿದುದನ್ನು ಮತ್ತೆ ಕೂಡಿಸುವುದು ಕಷ್ಟವಲ್ಲವೆ? ಬಳಿಕ ಅದನ್ನು ಅಂಟಿಸುವ ಮೊದಲೇ ದೋಣಿಯನ್ನು ನಿಂತ ನೀರಿಗೆ ಇಳಿಸಿ, ಮುಂಭಾಗವೂ ಹಿಂಭಾಗವೂ ಸಮವಾಗಿ ತೇಲುವ ಸ್ಥಾನವನ್ನು ಗುರುತಿಸುತ್ತಾರೆ. ಭಾರ ಮುಂದಾದರೆ ದೋಣಿಯ ಮೂತಿ ಅಲೆಯೊಳಗೆ ಹೊಗುತ್ತದೆ. ಹಿಂದಾದರೆ ಮೂತಿ ಮೇಲೆದ್ದು ದಿಕ್ಕು ತಪ್ಪುತ್ತದೆ. ಸರಿಯಾದ ಸ್ಥಾನ ದೊರೆತ ಮೇಲೆ ತಳವನ್ನು ಚೆನ್ನಾಗಿ ಶುಚಿಮಾಡಿ, ಒಣಗಿಸಿ, ಅಂಟಿನಿಂದ ಭದ್ರಪಡಿಸುತ್ತಾರೆ. ಮೊಣಕಾಲುಗಳ ಅಡಿಯಲ್ಲಿ ಮೆತ್ತೆಗಳನ್ನೂ, ತೊಡೆಗಳ ಮೇಲೆ ಪಟ್ಟಿಗಳನ್ನೂ ಜೋಡಿಸುತ್ತಾರೆ.

ಇಲ್ಲಿಯೇ ಅತ್ಯಂತ ಮುಖ್ಯವಾದ ಸೂತ್ರವೊಂದಿದೆ. ಬಿಗಿತವು ದೋಣಿಯನ್ನು ಆಳುವುದಕ್ಕಾಗಿ, ನಾವಿಕನನ್ನು ಸೆರೆಹಿಡಿಯುವುದಕ್ಕಾಗಿ ಅಲ್ಲ. ದೋಣಿ ಮಗುಚಿದಾಗ ಕ್ಷಣಮಾತ್ರದಲ್ಲಿ ಹೊರಬರಲು ಸಾಧ್ಯವಾಗದಿದ್ದರೆ ಎಷ್ಟೇ ಅಂದವಾದ ಆಸನವೂ ಮೃತ್ಯುಪಾಶವೇ ಸರಿ. ಆದುದರಿಂದ ಹೊಸ ಜೀನನ್ನು ಮೊದಲು ಶಾಂತವಾದ ನೀರಿನಲ್ಲಿ, ಬಲ್ಲವರು ಪಕ್ಕದಲ್ಲಿರುವಾಗ, ದೋಣಿಯನ್ನು ಬೇಕೆಂದೇ ಮಗುಚಿ ಪರೀಕ್ಷಿಸುವುದು ಪದ್ಧತಿ. ಜೀವರಕ್ಷಕ ಜಾಕೀಟನ್ನು ಆಗಲೂ ಧರಿಸಿಯೇ ಇರಬೇಕು.

ನೀರಿನ ಮುಂದೆ ಉದಾಸೀನ ಸಲ್ಲದು. 2019ರ ಜನವರಿಯಲ್ಲಿ ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಅನೇಕರು ಪ್ರಾಣ ಕಳೆದುಕೊಂಡರು. ದಡದಿಂದ ನೋಡುವವರಿಗೆ ದೋಣಿಯ ಪಯಣ ಕೇವಲ ಹುಟ್ಟು ಹಾಕುವ ತೋಳಿನ ಬಲದಂತೆ ತೋರುತ್ತದೆ. ಆದರೆ ದೋಣಿಯನ್ನು ಕಾಯುವುದು ಹೊರಡುವ ಮುನ್ನ ನಡೆದ ಸಿದ್ಧತೆ: ನೀರಿನ ಗುಣವನ್ನರಿತು ದೋಣಿಯನ್ನು ಆರಿಸಿದ ವಿವೇಕ, ಭಾರದ ನೆಲೆಯನ್ನು ಕಂಡುಕೊಂಡ ತಾಳ್ಮೆ. ಪಾತಿ ದೋಣಿಗೆ ಮರದ ತುಂಡನ್ನು ಬಿಗಿದ ಕರಾವಳಿಯ ಬಡಗಿಯೂ, ಫೋಮಿನ ಜೀನನ್ನು ಕೊರೆಯುವ ಇಂದಿನ ಕ್ರೀಡಾಳುವೂ ಆಚರಿಸುತ್ತಿರುವುದು ಒಂದೇ ವಿದ್ಯೆಯನ್ನು.