ದೋಷಶೋಧನೆಯ ಕ್ರಮ: ಯಂತ್ರಸಹಿತ ಗ್ಲೈಡರ್ ಕಲಿಸುವ ಪಾಠ

ಗುಂಡ್ಲುಪೇಟೆಗೆ ಸಮೀಪದ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಸಮುದ್ರಮಟ್ಟದಿಂದ ಸುಮಾರು 1454 ಮೀಟರ್ ಎತ್ತರದಲ್ಲಿದೆ. ಮಂಜು ಕರಗಿ ಬಿಸಿಲೇರಿದ ಮೇಲೆ ಅಲ್ಲಿ ಹದ್ದುಗಳು ರೆಕ್ಕೆ ಬಡಿಯದೆಯೇ ಸುತ್ತುಸುತ್ತಾಗಿ ಮೇಲೇರುವುದನ್ನು ಕಾಣಬಹುದು. ಶಾಲಾ ಪ್ರವಾಸದಲ್ಲಿ ಬಾಲಕನೊಬ್ಬನು, "ಗುರುಗಳೇ, ಇವು ಹೇಗೆ ಏರುತ್ತವೆ?" ಎಂದು ಕೇಳಿದನು. ಕಾದ ನೆಲದಿಂದೇಳುವ ಬೆಚ್ಚನೆಯ ಗಾಳಿಯೂ ಬೆಟ್ಟದ ಇಳಿಜಾರಿಗೆ ತಾಗಿ ಮೇಲ್ಮುಖವಾಗುವ ಗಾಳಿಯೂ ಅವನ್ನು ಎತ್ತುತ್ತವೆ. ಗ್ಲೈಡರ್ ಎಂಬ ವಿಮಾನಕ್ಕೂ ಅದೇ ಆಧಾರ ಎಂದೆನು.

ಅಂದು ಸಂಜೆ ತಪ್ಪಲಿನಲ್ಲಿ ನಿಲ್ಲಿಸಿದ್ದ ನಮ್ಮ ವಾಹನ ಹೊರಡಲೊಲ್ಲದು. ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದು ಮಾತ್ರ. ಬ್ಯಾಟರಿ ಸತ್ತಿತೆಂದು ನಾವೆಲ್ಲ ತೀರ್ಪಿತ್ತೆವು. ಬಂದ ಮೆಕ್ಯಾನಿಕ್ ಏನನ್ನೂ ಬದಲಿಸದೆ ಅರ್ಥ್ ತಂತಿಯ ತುದಿಯನ್ನು ಬಿಚ್ಚಿ, ಕಿಲುಬು ಕೆರೆದು, ಬಿಗಿದನು. ಎಂಜಿನ್ ಒಡನೆ ಎದ್ದಿತು. ನೆಲದ ಮೇಲೆ ಇದು ಒಂದು ಗಂಟೆಯ ವಿಳಂಬ. ಆಕಾಶದಲ್ಲಾದರೆ ಗತಿಯೇನು? ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಅಶ್ವಿನಿ, ರೋಹಿಣಿ, ಆರ್ದ್ರಾ ಎಂದು ನಕ್ಷತ್ರಗಳ ಹೆಸರು ಹೊತ್ತ ಗ್ಲೈಡರುಗಳು ನಮ್ಮ ದೇಶದಲ್ಲಿಯೇ ರೂಪುಗೊಂಡವು. ರೋಹಿಣಿಯು 1961ರಲ್ಲಿ ಹಾರಿತು. ಎಂಜಿನ್ ಇಲ್ಲದ ಇಂಥವನ್ನು ವಿಂಚ್ ಯಂತ್ರವೋ ಬೇರೊಂದು ವಿಮಾನವೋ ಎಳೆದು ಮೇಲೇರಿಸಬೇಕು. ಸ್ವಯಂ ಮೇಲೇರುವ ಗ್ಲೈಡರಿಗಾದರೋ ತನ್ನದೇ ಎಂಜಿನ್ ಉಂಟು. ಹಲವು ಮಾದರಿಗಳಲ್ಲಿ ಚಾಲಕನ ಹಿಂದೆ, ಒಡಲೊಳಗೆ ಮಡಚಿಟ್ಟ ಕಂಬವನ್ನು ವಿದ್ಯುತ್ ಮೋಟಾರು ಮೇಲೆತ್ತುತ್ತದೆ. ಅದರ ತುದಿಯಲ್ಲಿ ಪ್ರೊಪೆಲ್ಲರ್ ತಿರುಗುತ್ತದೆ. ಕಂಬ ಪೂರ್ತಿ ನಿಂತಿತೆಂದು 'ಲಿಮಿಟ್ ಸ್ವಿಚ್' ಎಂಬ ಪುಟ್ಟ ಗುಂಡಿ ಸೂಚಿಸಿದ ಮೇಲೆಯೇ ಸ್ಟಾರ್ಟರಿಗೆ ಅಪ್ಪಣೆ ದೊರೆಯುತ್ತದೆ.

ಪದ್ಯಕ್ಕೆ ಅರ್ಥ ಹೇಳುವವನು ಮೊದಲು ಪದಚ್ಛೇದ ಮಾಡಿ, ಬಳಿಕ ಅನ್ವಯಿಸುತ್ತಾನೆ. ಇಲ್ಲಿಯೂ ಅದೇ ಕ್ರಮ. ಬ್ಯಾಟರಿ, ಫ್ಯೂಸ್, ಸ್ವಿಚ್, ಲಿಮಿಟ್ ಸ್ವಿಚ್, ರಿಲೇ, ಮೋಟಾರು, ಅಲ್ಲಿಂದ ಅರ್ಥ್ ಮೂಲಕ ಮರಳಿ ಬ್ಯಾಟರಿ: ಇದು ವಿದ್ಯುತ್ತಿನ ದಾರಿ. ಎಲ್ಲಿಯವರೆಗೆ ವಿದ್ಯುತ್ ಬಂದಿದೆ, ಎಲ್ಲಿ ನಿಂತಿದೆ ಎಂಬುದನ್ನು ಮೀಟರಿನಿಂದ ಅಳೆಯುತ್ತ ಹೋದರೆ ದೋಷವು ಎರಡು ಬಿಂದುಗಳ ನಡುವೆ ಸಿಕ್ಕಿಬೀಳುತ್ತದೆ.

ಕಂಬ ಎದ್ದು ನಿಂತರೂ ಸ್ಟಾರ್ಟರ್ ಮೌನವಾಗಿದ್ದರೆ ಮೊದಲ ಸಂಶಯ ಲಿಮಿಟ್ ಸ್ವಿಚ್ಚಿನ ಮೇಲೆ; ಅದು ಕೊಳೆಯಿಂದ ಅಂಟಿರಬಹುದು, ಅಥವಾ ಸ್ಥಾನ ತಪ್ಪಿರಬಹುದು. 'ಟಕ್' ಎಂದು ಸದ್ದಾಗಿಯೂ ಎಂಜಿನ್ ತಿರುಗದಿದ್ದರೆ ಬ್ಯಾಟರಿಯನ್ನು ಭಾರ ಬಿದ್ದಾಗಲೇ ಅಳೆಯಬೇಕು. ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರುವ ಬ್ಯಾಟರಿಯೂ ಕೆಲಸದ ವೇಳೆ ಕುಸಿಯಬಹುದು. ಅದೇ ಹೊತ್ತಿನಲ್ಲಿ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಮೈಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ದಾರಿಯೇ ಕೆಟ್ಟಿದೆ; ನಮ್ಮ ವಾಹನದ ರೋಗವೂ ಇದೇ. ಒಮ್ಮೆ ಇದ್ದು ಒಮ್ಮೆ ಇಲ್ಲವಾಗುವ ದೋಷಕ್ಕೆ, ಕಂಬ ಮಡಚುವ ಕಡೆ ಬಾಗಿ ಬಾಗಿ ಒಳಗೇ ತುಂಡಾದ ತಂತಿಯನ್ನು ಹುಡುಕಬೇಕು. ಫ್ಯೂಸ್ ಪದೇ ಪದೇ ಸುಟ್ಟರೆ ದೊಡ್ಡದನ್ನು ಹಾಕುವುದು ರೋಗವನ್ನು ಮುಚ್ಚಿ ಬೆಂಕಿಯನ್ನು ಕರೆದಂತೆ. ಪ್ರೊಪೆಲ್ಲರ್ ಹಠಾತ್ತನೆ ತಿರುಗೀತು. ಆದ್ದರಿಂದ ಈ ಪರೀಕ್ಷೆ ತಯಾರಕರ ಕೈಪಿಡಿಯಂತೆ, ಅರ್ಹ ತಂತ್ರಜ್ಞರಿಂದಲೇ ನಡೆಯತಕ್ಕದ್ದು.

ಇಷ್ಟು ಶೋಧನೆಯೆಲ್ಲ ನೆಲದ ಮೇಲಿನದು. ಆಕಾಶದಲ್ಲಿ ಕಂಬ ಮೇಲೆದ್ದು ಎಂಜಿನ್ ಏಳದಿದ್ದರೆ ಗಾಳಿಯ ತಡೆ ಹೆಚ್ಚಿ ಗ್ಲೈಡರ್ ಬೇಗ ಬೇಗ ಇಳಿಯತೊಡಗುತ್ತದೆ. ಆಗ ತಂತಿ ಹುಡುಕಲು ಸಮಯವಿಲ್ಲ. ಆದಕಾರಣ ಬಲ್ಲ ಚಾಲಕನು ಇಳಿಯಲು ತಕ್ಕ ಬಯಲು ಕೈಗೆಟುಕುವಷ್ಟು ಎತ್ತರವಿರುವಾಗಲೇ ಗುಂಡಿ ಒತ್ತುತ್ತಾನೆ. ಎಂಜಿನ್ ಎದ್ದರೆ ಲಾಭ, ಏಳದಿದ್ದರೆ ಬಯಲಿದೆ.

ದೊಡ್ಡದನ್ನು ದೂರುವ ಮುನ್ನ ಸಣ್ಣದನ್ನು ಅಳೆದು ನೋಡುವುದು, ಅಳೆದ ಮೇಲೆಯೂ ಯಂತ್ರವನ್ನೇ ನಂಬಿ ಕೂರದಿರುವುದು: ಈ ಎರಡನ್ನು ನಮ್ಮ ಮಕ್ಕಳು ಪ್ರಯೋಗಶಾಲೆಯ ಒಂದು ಬ್ಯಾಟರಿ, ಒಂದು ಬಲ್ಬು, ಒಂದು ಮೀಟರಿನಿಂದಲೇ ಕಲಿಯಬಲ್ಲರು. ಅಷ್ಟು ಸಾಮಗ್ರಿ ಪ್ರತಿ ತರಗತಿಗೂ ದೊರೆಯಲೆಂಬುದು ಈ ವೃದ್ಧ ಅಧ್ಯಾಪಕನ ಬಿನ್ನಹ.