ಸರಕು ಸಾಗಣೆ ಮಿನಿ ಟ್ರಕ್‌ಗಳ ವೇಗ ನಿಯಂತ್ರಕ: ತೆಗೆಸಲು ಅವಕಾಶವಿದೆಯೇ?

ಹೊಸಕೋಟೆ ತಾಲ್ಲೂಕಿನ ನಂದಗುಡಿ ಹೋಬಳಿಯಂತಹ ಪ್ರದೇಶಗಳಲ್ಲಿ ರೈತರು ಬೆಳೆದ ತರಕಾರಿ, ಹೂವು ಮತ್ತು ರೇಷ್ಮೆಗೂಡು ಮಾರುಕಟ್ಟೆಯನ್ನು ತಲುಪಲು ಮಿನಿ ಟ್ರಕ್‌ಗಳು ಮುಖ್ಯ ಸಾಧನವಾಗಿವೆ. ಮುಂಜಾನೆಯ ಹರಾಜಿಗೆ ತಡವಾದಲ್ಲಿ ಸರಕಿನ ಬೆಲೆ ಇಳಿಯುವುದರಿಂದ, ವಾಹನಕ್ಕೆ ಕಾರ್ಖಾನೆಯಲ್ಲಿಯೇ ಅಳವಡಿಸಿರುವ ವೇಗ ಮಿತಿಯನ್ನು ತೆಗೆಸಲು ಯಾವ ಅರ್ಜಿ ಸಲ್ಲಿಸಬೇಕೆಂಬ ಪ್ರಶ್ನೆ ಮಾಲೀಕರಲ್ಲಿ ಮೂಡುವುದು ಸಹಜ. ಅಂತಹ ಅರ್ಜಿ ನಮೂನೆ ಯಾವುದೂ ಇರುವುದಿಲ್ಲ. ನಿಯಮಾನುಸಾರ ಅಳವಡಿಸಲಾದ ವೇಗ ನಿಯಂತ್ರಕವನ್ನು ತೆಗೆಯಲು ನೋಂದಣಿ ಪ್ರಾಧಿಕಾರವು ಅನುಮತಿ ನೀಡಲು ಬರುವುದಿಲ್ಲ. ಆದರೆ ಸಾಧನವು ಕೆಟ್ಟು ವಾಹನ ನಿಧಾನವಾಗಿದ್ದಲ್ಲಿ ಅದನ್ನು ಸರಿಪಡಿಸಿಕೊಳ್ಳುವ ಹಕ್ಕು ಮಾಲೀಕರಿಗೆ ಇದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ತಿಳಿಯದೆ ಅನೇಕರು ಅನವಶ್ಯಕ ವೆಚ್ಚಕ್ಕೂ ಮೊಕದ್ದಮೆಗೂ ಒಳಗಾಗುವ ಸಂಭವವಿದೆ.

ನಿಯಮ ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 118 ವೇಗ ನಿಯಂತ್ರಕಕ್ಕೆ, ಅಂದರೆ ಸ್ಪೀಡ್ ಗವರ್ನರ್‌ಗೆ ಸಂಬಂಧಿಸಿದೆ. 2015ರ ಏಪ್ರಿಲ್ 15ರ ತಿದ್ದುಪಡಿಯ ಪ್ರಕಾರ ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿ.ಮೀ. ಮೀರದಂತೆ ನಿಗದಿಪಡಿಸಿದ ನಿಯಂತ್ರಕವನ್ನು ತಯಾರಕರು ಕಾರ್ಖಾನೆಯಲ್ಲಿ ಅಥವಾ ಮಾರಾಟಗಾರರ ಹಂತದಲ್ಲಿ ಅಳವಡಿಸತಕ್ಕದ್ದು. ಶಾಲಾ ಬಸ್ಸು, ಡಂಪರ್, ಟ್ಯಾಂಕರ್ ಮತ್ತು ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗೆ ಈ ಮಿತಿ 60 ಕಿ.ಮೀ. ಆಗಿರುತ್ತದೆ. ಅಗ್ನಿಶಾಮಕ ವಾಹನ, ಆಂಬ್ಯುಲೆನ್ಸ್ ಹಾಗೂ ಪೊಲೀಸ್ ವಾಹನಗಳಿಗೆ ವಿನಾಯಿತಿ ಇದೆ. ಗರಿಷ್ಠ ವೇಗವೇ 80 ಕಿ.ಮೀ. ಮೀರುವುದಿಲ್ಲವೆಂದು ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸಿದ ವಾಹನಗಳಿಗೂ ವಿನಾಯಿತಿ ಅನ್ವಯಿಸುತ್ತದೆ. ತಮ್ಮ ವಾಹನದ ವರ್ಗಕ್ಕೆ ಮತ್ತು ತಯಾರಿಕಾ ದಿನಾಂಕಕ್ಕೆ ನಿಯಮವು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಮಾಲೀಕರು ನೋಂದಣಿ ಪ್ರಾಧಿಕಾರದಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಈ ಕೊನೆಯ ವಿನಾಯಿತಿ ಸಣ್ಣ ವಾಹನಗಳ ಮಾಲೀಕರಿಗೆ ಮುಖ್ಯವಾದುದು. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ ಮೊದಲ ಮಾದರಿಗೆ ಇದ್ದುದು ಎರಡು ಸಿಲಿಂಡರ್‌ಗಳ, ಸುಮಾರು 16 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಅಂತಹ ವಾಹನ ನಿಧಾನವಾಗಿ ಚಲಿಸಲು ಕಾರಣ ಎಂಜಿನ್‌ನ ಶಕ್ತಿ ಮತ್ತು ಗೇರ್ ಅನುಪಾತ. ಅದರಲ್ಲಿ ‘ತೆಗೆಯಬೇಕಾದ’ ವೇಗ ಮಿತಿ ಎಂಬುದೇ ಇರುವುದಿಲ್ಲ. ಡೀಸೆಲ್ ಪಂಪಿನೊಳಗಿನ ಗವರ್ನರ್ ಎಂಜಿನ್ ಅತಿಯಾಗಿ ತಿರುಗಿ ಹಾಳಾಗುವುದನ್ನು ತಡೆಯಲು ಇರುವ ಭಾಗವೇ ಹೊರತು ರಸ್ತೆಯ ವೇಗಕ್ಕೆ ಸಂಬಂಧಿಸಿದುದಲ್ಲ. ಅದರ ಸೀಲು ಒಡೆದು ತಿರುಪು ತಿರುಗಿಸಿದರೆ ವೇಗ ಸ್ವಲ್ಪ ಹೆಚ್ಚಿದಂತೆ ಕಂಡರೂ ಹೊಗೆ, ಅತಿಯಾದ ಬಿಸಿ ಮತ್ತು ಎಂಜಿನ್ ದುರಸ್ತಿ ಅದರ ಹಿಂದೆಯೇ ಬರುತ್ತವೆ.

ಆಮದು ವಾಹನಗಳ ವಿಷಯ

ಜಪಾನಿನ ‘ಕೇ’ ವರ್ಗದ ಮಿನಿ ಟ್ರಕ್‌ಗಳ ವೇಗ ಮಿತಿ ತೆಗೆಯುವ ವಿಧಾನಗಳನ್ನು ಅಂತರ್ಜಾಲದಲ್ಲಿ ನೋಡಿ, ಅದೇ ಇಲ್ಲಿಯೂ ಸಾಧ್ಯವೆಂದು ಕೆಲವರು ಭಾವಿಸುತ್ತಾರೆ. 660 ಸಿ.ಸಿ. ಮೀರದ ಎಂಜಿನ್, 3.4 ಮೀಟರ್ ಮೀರದ ಉದ್ದ ಹಾಗೂ 350 ಕಿಲೋ ಸರಕಿನ ಮಿತಿ ಈ ವರ್ಗದ ಲಕ್ಷಣಗಳು. ಅಮೆರಿಕದಲ್ಲಿ ಹೊಲ, ತೋಟ ಹಾಗೂ ಖಾಸಗಿ ಆವರಣಗಳ ಬಳಕೆಗೆಂದು ಆಮದಾಗುವ ಹೊಸ ಮಿನಿ ಟ್ರಕ್‌ಗಳ ವೇಗವನ್ನು ಗಂಟೆಗೆ 25 ಮೈಲಿಗೆ, ಅಂದರೆ ಸುಮಾರು 40 ಕಿ.ಮೀ.ಗೆ ಸೀಮಿತಗೊಳಿಸುವುದುಂಟು. ಅಂತರ್ಜಾಲದ ಚರ್ಚೆಗಳು ಬಹುಪಾಲು ಈ ಮಿತಿಯನ್ನು ಕುರಿತವು. ಅದಕ್ಕೂ ಭಾರತದ 80 ಕಿ.ಮೀ. ನಿಯಮಕ್ಕೂ ಸಂಬಂಧವಿಲ್ಲ. ಭಾರತದಲ್ಲಿ ಆಮದು ವಾಹನವನ್ನು ಸಾರಿಗೆ ವಾಹನವಾಗಿ ನೋಂದಾಯಿಸಿದ ನಂತರ, ಇಲ್ಲಿ ತಯಾರಾದ ಅದೇ ವರ್ಗದ ವಾಹನಕ್ಕಿರುವ ವೇಗ ಮಿತಿಗಳೇ ಅದಕ್ಕೂ ಅನ್ವಯಿಸುತ್ತವೆ.

ಮಾರ್ಪಾಡು ಮತ್ತು ದಂಡನೆ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಇದನ್ನು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಎತ್ತಿಹಿಡಿದಿದೆ. 2019ರ ತಿದ್ದುಪಡಿ ಕಾಯ್ದೆಯ ಮೂಲಕ ಸೇರಿಸಲಾದ ಕಲಂ 182ಎ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಸಾಲದ ಕಂತಿನ ಮೇಲೆ ಒಂದೇ ವಾಹನ ನಡೆಸುವ ಮಾಲೀಕರಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಕಡೆ ಇದೆ. ಸಾರಿಗೆ ವಾಹನದ ಅರ್ಹತಾ ಪತ್ರವನ್ನು, ಅಂದರೆ ಎಫ್.ಸಿ.ಯನ್ನು, ವಾಹನಕ್ಕೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ ಹಾಗೂ ನಂತರ ಪ್ರತಿ ವರ್ಷ ಪಡೆಯಬೇಕಾಗುತ್ತದೆ. ತಪಾಸಣೆಯಲ್ಲಿ ನಿಯಂತ್ರಕವಿಲ್ಲವೆಂದು ಅಥವಾ ಅದರ ಸೀಲು ಒಡೆದಿದೆಯೆಂದು ಕಂಡುಬಂದಲ್ಲಿ ಅರ್ಹತಾ ಪತ್ರ ನಿರಾಕರಿಸಲ್ಪಡಬಹುದು. ಅದಿಲ್ಲದ ವಾಹನವನ್ನು ಬಾಡಿಗೆಗೆ ಓಡಿಸುವಂತಿಲ್ಲ, ಆದರೆ ಕಂತು ಮಾತ್ರ ನಿಲ್ಲುವುದಿಲ್ಲ. ಅಪಘಾತವಾದಲ್ಲಿ ತಿಳಿಸದೆ ಮಾಡಿದ ಮಾರ್ಪಾಡನ್ನು ಕಾರಣವಾಗಿಟ್ಟು ವಿಮಾ ಸಂಸ್ಥೆಯು ಸ್ವಂತ ವಾಹನದ ಹಾನಿಯ ಕ್ಲೇಮನ್ನು ಪ್ರಶ್ನಿಸಬಹುದಾಗಿದೆ.

ಉಳಿಯುವ ಸಮಯ ಎಷ್ಟು

2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯಲ್ಲಿ ಸರಕು ವಾಹನಗಳ ಗರಿಷ್ಠ ವೇಗವನ್ನು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹಾಗೂ ವಿಭಜಕವಿರುವ ನಾಲ್ಕು ಪಥಗಳ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ., ನಗರ ವ್ಯಾಪ್ತಿಯ ಹಾಗೂ ಇತರ ರಸ್ತೆಗಳಲ್ಲಿ 60 ಕಿ.ಮೀ. ಎಂದು ನಿಗದಿಪಡಿಸಲಾಗಿದೆ. ಇದಕ್ಕಿಂತ ಕಡಿಮೆ ಮಿತಿಯನ್ನು ರಾಜ್ಯವು ನಿಗದಿಪಡಿಸಬಹುದು. ಹೊಸಕೋಟೆಯಿಂದ ಆರಂಭವಾಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರುಗಳು ಮುಂದೆ ಹಾಯ್ದು ಹೋಗುತ್ತವೆಂಬ ಕಾರಣಕ್ಕೆ ಸರಕು ವಾಹನದ ಮಿತಿ ಹೆಚ್ಚುವುದಿಲ್ಲ.

40 ಕಿ.ಮೀ. ದೂರವನ್ನು ಎಲ್ಲಿಯೂ ನಿಲ್ಲಿಸದೆ 80 ಕಿ.ಮೀ. ವೇಗದಲ್ಲಿ ಕ್ರಮಿಸಲು 30 ನಿಮಿಷ ಬೇಕು. ಮಿತಿ ತೆಗೆಸಿ 90ರಲ್ಲಿ ಓಡಿಸಿದರೆ 26 ನಿಮಿಷ 40 ಸೆಕೆಂಡು. ಉಳಿತಾಯ ಮೂರುವರೆ ನಿಮಿಷವೂ ಇಲ್ಲ. ಕೆ.ಆರ್. ಪುರದ ದಟ್ಟಣೆಯಲ್ಲಿ ಅದು ಎಲ್ಲಿ ಹೋಯಿತೆಂದೂ ತಿಳಿಯುವುದಿಲ್ಲ. ಆದರೆ ಬ್ರೇಕು ಹಿಡಿದು ನಿಲ್ಲಿಸಬೇಕಾದ ಚಲನಶಕ್ತಿ ಶೇ. 27ರಷ್ಟು ಹೆಚ್ಚುತ್ತದೆ. ಟೊಮ್ಯಾಟೊ ಕ್ರೇಟುಗಳನ್ನು ಎತ್ತರಕ್ಕೆ ಪೇರಿಸಿದ ಕಿರಿದಾದ ವಾಹನ ತಿರುವಿನಲ್ಲಿ ಮಗುಚುವ ಅಪಾಯವೂ ಹಾಗೆಯೇ ಹೆಚ್ಚುತ್ತದೆ.

ವಾಹನ ನಿಜವಾಗಿಯೂ ನಿಧಾನವಾಗಿದ್ದಲ್ಲಿ

ನಿಯಂತ್ರಕವು ಗೇರ್ ಪೆಟ್ಟಿಗೆಯ ಅಥವಾ ಚಕ್ರದ ಸೆನ್ಸರ್‌ನಿಂದ ವೇಗವನ್ನು ಅರಿತು, ನಿಗದಿತ ಮಿತಿ ತಲುಪಿದಾಗ ಎಂಜಿನ್‌ಗೆ ಹೋಗುವ ಇಂಧನವನ್ನು ಕಡಿಮೆ ಮಾಡುತ್ತದೆ. ಆದುದರಿಂದ ಸರಿಯಾಗಿರುವ ನಿಯಂತ್ರಕವು ಪ್ರತಿ ಬಾರಿಯೂ ಒಂದೇ ವೇಗದಲ್ಲಿ ತಡೆಯುತ್ತದೆ, ಅಲ್ಲಿಯವರೆಗೆ ವಾಹನ ಚೆನ್ನಾಗಿ ಎಳೆಯುತ್ತದೆ. ಖಾಲಿ ಇದ್ದಾಗ ಒಂದು ವೇಗ, ಹೊರೆ ಇದ್ದಾಗ ಇನ್ನೊಂದು, ಏರಿನಲ್ಲಿ ಮತ್ತೊಂದು ಎಂಬಂತಿದ್ದರೆ ದೋಷವು ಬಹುತೇಕ ಇಂಧನ ಫಿಲ್ಟರ್, ಏರ್ ಫಿಲ್ಟರ್, ಕ್ಲಚ್ ಅಥವಾ ಅತಿಹೊರೆಯಲ್ಲಿರುತ್ತದೆ. ಸಮತಟ್ಟಾದ ರಸ್ತೆಯಲ್ಲಿ 50ಕ್ಕೋ 55ಕ್ಕೋ ಪ್ರತಿ ಸಲ ನಿಂತುಬಿಟ್ಟರೆ ಸೆನ್ಸರ್‌ನ ತಂತಿ, ನೀರು ಹೊಕ್ಕ ಕನೆಕ್ಟರ್ ಅಥವಾ ಮೂಲ ಅಳತೆಯದಲ್ಲದ ಟೈರ್ ಕಾರಣವಾಗಿರಬಹುದು.

ಇಂತಹ ಸಂದರ್ಭದಲ್ಲಿ ಮಾಲೀಕರು ವಾಹನ ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ಅಥವಾ ನಿಯಂತ್ರಕದ ಅಧಿಕೃತ ಅಳವಡಿಕೆದಾರರಲ್ಲಿ ಪರೀಕ್ಷಿಸಿ, ಮಿತಿಯನ್ನು ಮರುಹೊಂದಿಸಿ, ಹೊಸದಾಗಿ ಸೀಲು ಹಾಕಿಸಿಕೊಳ್ಳತಕ್ಕದ್ದು. ದುರಸ್ತಿಯ ರಸೀದಿ ಹಾಗೂ ಸಾಧನದ ಕ್ರಮಸಂಖ್ಯೆ ನಮೂದಿಸಿದ ಪ್ರಮಾಣ ಪತ್ರವನ್ನು ಅರ್ಹತಾ ತಪಾಸಣೆಯ ವೇಳೆ ಹಾಜರುಪಡಿಸುವುದು ಸೂಕ್ತ.

ಹಳೆಯ ವಾಹನವನ್ನು ಕೊಳ್ಳುವವರು ಹಣ ಪಾವತಿಸುವ ಮುನ್ನವೇ ನಿಯಂತ್ರಕದ ಸೀಲು ಮತ್ತು ಪ್ರಮಾಣ ಪತ್ರವನ್ನು ನೋಡಿಕೊಳ್ಳಬೇಕು. ಹಿಂದಿನ ಮಾಲೀಕರು ಸಾಧನವನ್ನು ತೆಗೆಸಿದ್ದಲ್ಲಿ, ಮುಂದಿನ ತಪಾಸಣೆಯಲ್ಲಿ ಉತ್ತರಿಸಬೇಕಾದವರು ಹೊಸ ಮಾಲೀಕರೇ ಆಗಿರುತ್ತಾರೆ. ಹಾಗೆ ಕಂಡುಬಂದ ಪಕ್ಷದಲ್ಲಿ ಅಂಗೀಕೃತ ಮಾದರಿಯ ನಿಯಂತ್ರಕವನ್ನು ಮೊದಲು ಅಳವಡಿಸಿ, ಆ ನಂತರವೇ ಅರ್ಹತಾ ಪತ್ರದ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು.