ಕೊಂಬು ಬಾರದಿರಲೆಂದು ಇನ್ನೊಂದು ಡಿಕ್ಕಿ

ಆಡುವಾಗ ಇಬ್ಬರ ತಲೆ ಡಿಕ್ಕಿಯಾದರೆ ಇನ್ನೊಮ್ಮೆ ಡಿಕ್ಕಿ ಹೊಡೆದುಕೊಳ್ಳಬೇಕು, ಇಲ್ಲದಿದ್ದರೆ ಕೊಂಬು ಬರುತ್ತದೆ. ಚಿಕ್ಕಂದಿನಲ್ಲಿ ಇದನ್ನು ನಂಬದವರು ನಮ್ಮಲ್ಲಿ ಕಡಿಮೆ. ದೊಡ್ಡವರಾದ ಮೇಲೆ ಕೊಂಬಿನ ಮಾತು ಬಿಟ್ಟೆವು. ತಲೆಗೆ ಪೆಟ್ಟು ತಿಂದ ಮಗುವನ್ನು ಎರಡನೇ ಪೆಟ್ಟಿಗೆ ಒಡ್ಡುವುದನ್ನು ಇನ್ನೂ ಬಿಟ್ಟಿಲ್ಲ.

ಕಾರ್ಕಳ ಕಡೆ ಹೈಸ್ಕೂಲು ಹುಡುಗರ ಕಬಡ್ಡಿ ನೋಡುತ್ತಿದ್ದೆ. ರೈಡಿಗೆ ಹೋದವನ ಕಾಲನ್ನು ಒಬ್ಬ ಹಿಡಿದ, ಮುಗ್ಗರಿಸಿದವನ ಕಣತಲೆಗೆ ಇನ್ನೊಬ್ಬನ ಮೊಣಕಾಲು ಬಡಿಯಿತು. ಔಟಾಗಿ ಹೊರಗೆ ಬಂದ. ಮುಖಕ್ಕೆ ನೀರು ಹಾಕಿದರು. ‘ದಾಲ ಇಜ್ಜಿ’, ಏನೂ ಇಲ್ಲ ಎಂದ. ಆಮೇಲೆ ಪಕ್ಕದವನ ಹತ್ತಿರ ‘ಸ್ಕೋರ್ ಎಷ್ಟಾಯ್ತು?’ ಎಂದು ಮೂರು ಸಲ ಕೇಳಿದ, ಮೂರು ಸಲವೂ ಹೊಸದಾಗಿ. ಅಷ್ಟರಲ್ಲಿ ತಂಡಕ್ಕೆ ಪಾಯಿಂಟ್ ಬಂತು. ಔಟಾದವನು ಮತ್ತೆ ಒಳಗೆ ಹೋಗುವುದು ಕಬಡ್ಡಿಯ ನಿಯಮ, ಅವನೂ ಹೋದ. ಬದಲಿ ಆಟಗಾರರು ಅಲ್ಲೇ ಕೂತಿದ್ದರು. ಹೆರ್ಮುಂಡೆಯ ಆಟಗಾರ್ತಿ ಮಮತಾ ಪೂಜಾರಿಯವರನ್ನು ದೇಶಕ್ಕೆ ಕೊಟ್ಟ ತಾಲೂಕಿನಲ್ಲಿ ಕಬಡ್ಡಿ ಬೇಡ ಎಂದು ಯಾರೂ ಹೇಳುವುದಿಲ್ಲ, ನಾನಂತೂ ಹೇಳಲಾರೆ. ಅವನ ಬದಲಿಗೆ ಇನ್ನೊಬ್ಬ ಇಳಿದಿದ್ದರೆ ಸಾಕಿತ್ತು.

ಕೇಳಿದ್ದನ್ನೇ ಕೇಳುವುದು ಕನ್‌ಕಷನ್‌ನ ಗುರುತು. ತಲೆಬುರುಡೆಯೊಳಗೆ ಮಿದುಳು ರಭಸದಿಂದ ಅಲುಗಿ ನರಕೋಶಗಳ ಕೆಲಸ ಕೆಲಕಾಲ ಏರುಪೇರಾಗುವುದಕ್ಕೆ ಆ ಹೆಸರು. ‘ಪ್ರಜ್ಞೆ ತಪ್ಪಲಿಲ್ಲವಲ್ಲ’ ಎಂದು ಸಮಾಧಾನಪಡುತ್ತೇವೆ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ‘ಬುಗುಟು ಹೊರಗೆ ಬಂತು, ಒಳಗೇನೂ ಇಲ್ಲ’ ಎನ್ನುವ ಅಜ್ಜಿಯ ಮಾತಿಗೂ ಆಧಾರವಿಲ್ಲ. ಬುಗುಟು ಚರ್ಮದಡಿಯ ರಕ್ತ, ಮಿದುಳಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ಲಕ್ಷಣಗಳು ತಡವಾಗಿಯೂ ಬರಬಹುದು. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ವೇಗದ ಬೌಲರ್ ಆರ್ಚರ್ ಎಸೆತ ತಾಗಿದ ಕ್ರಿಕೆಟಿಗ ಸ್ಟೀವ್ ಸ್ಮಿತ್ ಅದೇ ದಿನ ಮತ್ತೆ ಬ್ಯಾಟಿಂಗ್‌ಗೆ ಬಂದರು. ತಲೆನೋವು, ಮಂಕು ಕಾಣಿಸಿಕೊಂಡದ್ದು ಮರುದಿನ ಬೆಳಿಗ್ಗೆ. ಹೆಲ್ಮೆಟ್ ತಲೆಯ ಮೇಲೇ ಇತ್ತು. ಅದು ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗಿನ ಅಲುಗಾಟವನ್ನು ಪೂರ್ತಿ ತಡೆಯಲಾರದು.

ನಮ್ಮ ಕಡೆ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವುದು ಸ್ಕ್ಯಾನಿನ ನಂಬಿಕೆ. ಕಾಪುವಿನಿಂದಲೋ ಕಾರ್ಕಳದಿಂದಲೋ ಮಣಿಪಾಲದ ಆಸ್ಪತ್ರೆಗೆ ಓಡಿಸಿ, ಸಿಟಿ ನಾರ್ಮಲ್ ಬಂದರೆ ಮರುದಿನವೇ ಮೈದಾನಕ್ಕೆ. ಸಿಟಿ ಹುಡುಕುವುದು ರಕ್ತಸ್ರಾವವನ್ನು, ಮೂಳೆ ಮುರಿತವನ್ನು. ಕನ್‌ಕಷನ್ ಅದರಲ್ಲಿ ಕಾಣುವುದಿಲ್ಲ. ವರದಿ ಸರಿಯಿದೆ ಎಂದರೆ ಆಡಬಹುದು ಎಂದಲ್ಲ.

ಮಗುವನ್ನು ನಿದ್ದೆಗೆ ಬಿಡಬಾರದೆಂದು ರಾತ್ರಿಯಿಡೀ ಅಲುಗಾಡಿಸುವವರಿದ್ದಾರೆ. ಅಪಾಯದ ಲಕ್ಷಣಗಳಿಲ್ಲದಿದ್ದರೆ ನಿದ್ದೆ ಒಳ್ಳೆಯದೇ, ಒಂಟಿಯಾಗಿ ಮಾತ್ರ ಬಿಡಬೇಡಿ. ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಲಾಗದ ಮಂಪರು, ತೊದಲು ಮಾತು, ಫಿಟ್ಸ್, ಕೈಕಾಲಿನ ನಿಶ್ಶಕ್ತಿ, ಕತ್ತು ನೋವು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ.

ವಾರಗಟ್ಟಲೆ ಕತ್ತಲೆ ಕೋಣೆಯೂ ಹಳೆಯ ಸಲಹೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಹೇಳಿದ್ದು ಒಂದೆರಡು ದಿನದ ವಿಶ್ರಾಂತಿ. ಆಗ ಮೊಬೈಲ್ ಕಡಿಮೆ, ಸಣ್ಣ ನಡಿಗೆಗೆ ಅಡ್ಡಿಯಿಲ್ಲ. ಮೊದಲು ತರಗತಿ, ಆಮೇಲೆ ಆಟ. ಆಟಕ್ಕೆ ಮರಳಲು ಆರು ಮೆಟ್ಟಿಲು, ಒಂದೊಂದಕ್ಕೂ ಕನಿಷ್ಠ ಒಂದು ದಿನ. ಮೈಗೆ ಮೈ ತಾಗುವ ಅಭ್ಯಾಸ ವೈದ್ಯರು ಒಪ್ಪಿದ ಮೇಲೆಯೇ. ಮಕ್ಕಳು ಚೇತರಿಸಿಕೊಳ್ಳಲು ನಾಲ್ಕು ವಾರವೂ ಬೇಕಾಗಬಹುದು.

ಇಷ್ಟು ಕಾಯಬೇಕೇ ಎಂದು ಕೇಳುವವರಿಗೆ ಕೆನಡಾದ ರೋವನ್ ಸ್ಟ್ರಿಂಗರ್ ಎಂಬ ರಗ್ಬಿ ಆಟಗಾರ್ತಿಯ ಕಥೆ ಹೇಳುತ್ತೇನೆ. ವಯಸ್ಸು 17. 2013ರಲ್ಲಿ ಒಂದೇ ವಾರದೊಳಗೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿತ್ತು. ಕನ್‌ಕಷನ್ ಆಗಿರಬೇಕೆಂದು ಗೆಳೆಯರಿಗೆ ಮೆಸೇಜ್ ಕೂಡ ಮಾಡಿದ್ದಳು. ಆದರೂ ಆಡಿದಳು. ಕೊನೆಯ ಪೆಟ್ಟಿಗೆ ಮಿದುಳು ಊದಿಕೊಂಡು ತೀರಿಕೊಂಡಳು. ಹೀಗಾಗುವುದು ಅಪರೂಪ, ಆದರೆ ಆಗುವುದು ಹೆಚ್ಚಾಗಿ ಎಳೆಯರಿಗೇ. ಒಂಟಾರಿಯೊ ಪ್ರಾಂತ್ಯ 2018ರಲ್ಲಿ ಅವಳ ಹೆಸರಿನಲ್ಲೇ ಕಾನೂನು ತಂದಿತು.

ನಮ್ಮ ಪಿ.ಟಿ. ಮಾಸ್ಟ್ರು ಯಾವ ಕಾನೂನಿಗೂ ಕಾಯಬೇಕಿಲ್ಲ. ಪೆಟ್ಟು ತಿಂದವನನ್ನು ಹೊರಗೆ ಕೂರಿಸಿ ಕೇಳಲಿ: ಇದು ಯಾವ ಮೈದಾನ? ಫಸ್ಟ್ ಹಾಫಾ, ಸೆಕೆಂಡ್ ಹಾಫಾ? ಕೊನೆಯ ಪಾಯಿಂಟ್ ಯಾರದ್ದು? ಉತ್ತರ ತಪ್ಪಿದರೆ ಕನ್‌ಕಷನ್ ಎಂದೇ ತಿಳಿಯಲಿ. ಎಲ್ಲವೂ ಸರಿಯಾಗಿದ್ದರೂ ಅನುಮಾನವಿದ್ದರೆ ಆ ದಿನ ಅವನು ಬೆಂಚಿನ ಮೇಲೇ ಇರಲಿ, ಸಂಜೆ ಮನೆಗೆ ಒಂದು ಫೋನ್ ಹೋಗಲಿ.